ನೀವು ಬರೆದ ಪ್ರೋಗ್ರಾಂ ಬೇರೆಯವರ ಕಂಪ್ಯೂಟರ್‌ನಲ್ಲೂ ನಡೆಯಬೇಕಾದರೆ

ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅಂತಿಮ ವರ್ಷದ ವಿದ್ಯಾರ್ಥಿಗಳು ಒಳ್ಳೊಳ್ಳೆಯ ಪ್ರೋಗ್ರಾಂಗಳನ್ನು ಬರೆಯುತ್ತಾರೆ. ಮೌಖಿಕ ಪರೀಕ್ಷೆ ಮುಗಿದ ಮೇಲೆ ಅವುಗಳಲ್ಲಿ ಎಷ್ಟೋ ಬರೆದವರ ಲ್ಯಾಪ್‌ಟಾಪ್‌ನಲ್ಲೇ ಉಳಿದುಬಿಡುತ್ತವೆ. ಕೋಡ್ ಚೆನ್ನಾಗಿಯೇ ಇರುತ್ತದೆ, ಆದರೆ ಇನ್ನೊಬ್ಬರು ಅದನ್ನು ತಮ್ಮ ಯಂತ್ರಕ್ಕೆ ಅಳವಡಿಸಿಕೊಳ್ಳುವ ದಾರಿಯನ್ನು ಯಾರೂ ಮಾಡಿರುವುದಿಲ್ಲ. ಕೋಡನ್ನು ಮುಕ್ತ ಪರವಾನಗಿಯಲ್ಲಿ ಎಲ್ಲರೂ ನೋಡುವಂತೆ ಇಟ್ಟರೆ ಅರ್ಧ ಕೆಲಸವಷ್ಟೇ ಆಯಿತು. ನಿಮಗೆ ಫೋನ್ ಮಾಡದೆ ಒಬ್ಬ ಅಪರಿಚಿತ ಅದನ್ನು ಅಳವಡಿಸಿಕೊಂಡು ಬಳಸಬಲ್ಲನಾದರೆ ಮಾತ್ರ ಅದು ನಿಜವಾಗಿ ಮುಕ್ತ ಎಂದು ನಾನು ನಂಬಿದ್ದೇನೆ.

ಮಾತು ಗಾಳಿಯಲ್ಲಿ ತೇಲಬಾರದೆಂದು ಒಂದು ಉದಾಹರಣೆ ಇಟ್ಟುಕೊಳ್ಳೋಣ. 'ಪದಪಟ್ಟಿ' ಎಂಬ ಚಿಕ್ಕ ಪೈಥಾನ್ ಪ್ರೋಗ್ರಾಂ ಇದೆ ಎಂದುಕೊಳ್ಳಿ. ಕನ್ನಡ ಪಠ್ಯದ ಫೈಲ್ ಕೊಟ್ಟರೆ ಯಾವ ಪದ ಎಷ್ಟು ಸಲ ಬಂದಿದೆ ಎಂದು ಎಣಿಸಿ ಕೊಡುತ್ತದೆ. ಬರೆದವರು ಹುಬ್ಬಳ್ಳಿಯ ವಿದ್ಯಾನಗರದಲ್ಲಿದ್ದಾರೆ, ಅವರದು ಉಬುಂಟು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಸಂಶೋಧನೆ ಮಾಡುವವರಿಗೆ ಅದು ಬೇಕು, ಅವರದು ವಿಂಡೋಸ್. ಹಾವೇರಿ ಜಿಲ್ಲೆಯ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯದಲ್ಲಿ ಹಾಡುಗಳನ್ನು ಸಂಗ್ರಹಿಸುವ ವಿದ್ಯಾರ್ಥಿನಿಗೂ ಬೇಕು, ಅವರ ಬಳಿ ಮ್ಯಾಕ್ ಇದೆ. ಗದಗಿನ ಕಾಲೇಜೊಂದರ ಲ್ಯಾಬ್‌ನಲ್ಲಿ ಸಾಲಾಗಿ ಉಬುಂಟು ಯಂತ್ರಗಳಿವೆ, ಆದರೆ ನೆಟ್ ಇಲ್ಲ. ಈ ಎಲ್ಲರಿಗೂ ಒಂದೇ ಪ್ರೋಗ್ರಾಂ ತಲುಪಬೇಕು.

ಆದೇಶಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನು ಬಳಸಿ.

ಮೊದಲ ಹೆಜ್ಜೆ: ಪೈಥಾನ್ ಎಲ್ಲಿಂದ ಬಂದಿದೆ ಎಂದು ತಿಳಿದುಕೊಳ್ಳಿ

ಅಳವಡಿಕೆಯ ತೊಂದರೆಗಳಲ್ಲಿ ಹೆಚ್ಚಿನವು ಒಂದೇ ಯಂತ್ರದಲ್ಲಿ ಎರಡು ಮೂರು ಪೈಥಾನ್‌ಗಳಿರುವುದರಿಂದ ಹುಟ್ಟುತ್ತವೆ. ಹಾಗಾಗಿ ಸಿಕ್ಕ ತಾಣದಿಂದ ಇಳಿಸಿಕೊಳ್ಳುವ ಬದಲು ಆಯಾ ಆಪರೇಟಿಂಗ್ ಸಿಸ್ಟಮ್‌ನ ಪ್ಯಾಕೇಜ್ ಮ್ಯಾನೇಜರ್ ಬಳಸಿ. ಯಾವುದು ಎಲ್ಲಿಂದ ಬಂತು, ಯಾವ ಆವೃತ್ತಿ, ತೆಗೆದುಹಾಕುವುದು ಹೇಗೆ ಎಂಬ ಲೆಕ್ಕವನ್ನು ಅದೇ ಇಟ್ಟುಕೊಂಡಿರುತ್ತದೆ.

ಉಬುಂಟುವಿನಲ್ಲಿ ಪೈಥಾನ್ ಮೊದಲೇ ಇರುತ್ತದೆ: 22.04ರಲ್ಲಿ 3.10, 24.04ರಲ್ಲಿ 3.12. ಸಿಸ್ಟಮ್‌ನ ತನ್ನದೇ ಕೆಲಸಗಳು ಅದನ್ನು ನೆಚ್ಚಿಕೊಂಡಿರುವುದರಿಂದ 'ಸುಡೊ ಪಿಪ್ ಇನ್‌ಸ್ಟಾಲ್' ಎಂದು ಅದರೊಳಗೆ ಕೈ ಹಾಕಬೇಡಿ. ಉಬುಂಟು 23.04 ಮತ್ತು ಡೆಬಿಯನ್ 12ರಿಂದೀಚೆಗೆ ಪೈಥಾನ್‌ನ ಅಳವಡಿಕೆ ಸಾಧನವಾದ ಪಿಪ್ ತಾನೇ ಇದನ್ನು ತಡೆಯುತ್ತದೆ. ಆ ತಡೆಯನ್ನು ಮುರಿಯುವ ಆಯ್ಕೆಯೊಂದನ್ನು ಹಲವರು ಸಲಹೆ ಕೊಡುತ್ತಾರೆ, ದಯವಿಟ್ಟು ಕೇಳಬೇಡಿ. 'ಸುಡೊ ಆಪ್ಟ್ ಅಪ್‌ಡೇಟ್' ಮಾಡಿ, ನಂತರ 'ಸುಡೊ ಆಪ್ಟ್ ಇನ್‌ಸ್ಟಾಲ್ ಪಿಪ್‌ಎಕ್ಸ್' ಎನ್ನಿ. ಪಿಪ್‌ಎಕ್ಸ್ ಪ್ರತಿಯೊಂದು ಉಪಕರಣಕ್ಕೂ ಪ್ರತ್ಯೇಕ ಕೋಣೆ ಮಾಡಿ ಅದರ ಅವಲಂಬನೆಗಳನ್ನು ಅಲ್ಲಿಯೇ ಇಡುತ್ತದೆ. ಒಂದನ್ನು ತೆಗೆದರೆ ಇನ್ನೊಂದಕ್ಕೆ ಪೆಟ್ಟಾಗುವುದಿಲ್ಲ.

ವಿಂಡೋಸ್‌ನಲ್ಲಿ 'ವಿನ್‌ಗೆಟ್ ಸರ್ಚ್ ಪೈಥಾನ್' ಎಂದು ಕೇಳಿ, ಬಂದ ಪಟ್ಟಿಯಲ್ಲಿರುವ ಗುರುತನ್ನು ನೋಡಿಕೊಂಡು 'ವಿನ್‌ಗೆಟ್ ಇನ್‌ಸ್ಟಾಲ್' ಮಾಡಿ. ಅಳವಡಿಸಿದ ಮೇಲೆ ಟರ್ಮಿನಲ್ ಕಿಟಕಿಯನ್ನು ಮುಚ್ಚಿ ಹೊಸದನ್ನು ತೆರೆಯಿರಿ, ಏಕೆಂದರೆ ಹಳೆಯ ಕಿಟಕಿಗೆ ಹೊಸ ಪಾತ್ ತಿಳಿದಿರುವುದಿಲ್ಲ. 'ಪೈಥಾನ್' ಎಂದು ಟೈಪ್ ಮಾಡಿದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಂಡಿತೇ? ಸೆಟ್ಟಿಂಗ್ಸ್‌ನಲ್ಲಿರುವ ಆ್ಯಪ್ ಎಕ್ಸಿಕ್ಯೂಷನ್ ಏಲಿಯಾಸ್ ಪುಟದಲ್ಲಿ ಪೈಥಾನ್ ಹೆಸರಿನ ಎರಡೂ ಗುಂಡಿಗಳನ್ನು ಆರಿಸಿ. ಬಳಿಕ 'ಪೈ -ಎಂ ಪಿಪ್ ಇನ್‌ಸ್ಟಾಲ್ --ಯೂಸರ್ ಪಿಪ್‌ಎಕ್ಸ್', ಅದಾದ ಮೇಲೆ 'ಪೈ -ಎಂ ಪಿಪ್‌ಎಕ್ಸ್ ಎನ್‌ಶೂರ್‌ಪಾತ್' ನಡೆಸಿ.

ಮ್ಯಾಕ್‌ನಲ್ಲಿ ಹೋಮ್‌ಬ್ರೂ ಇದ್ದರೆ 'ಬ್ರೂ ಇನ್‌ಸ್ಟಾಲ್ ಪಿಪ್‌ಎಕ್ಸ್' ಸಾಕು.

ಎರಡನೆಯ ಹೆಜ್ಜೆ: ಕನ್ನಡ ಎಲ್ಲಿ ಒಡೆಯುತ್ತದೆ ಎಂದು ಮೊದಲೇ ನೋಡಿ

ಪ್ಯಾಕೇಜ್ ಕಟ್ಟುವ ಬಗೆಗಿನ ಇಂಗ್ಲಿಷ್ ಮಾರ್ಗದರ್ಶಿಗಳಲ್ಲಿ ಈ ಭಾಗ ಸಾಮಾನ್ಯವಾಗಿ ಇರುವುದಿಲ್ಲ. ನಮಗೆ ಮಾತ್ರ ಇದೇ ಮುಖ್ಯ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಉಬುಂಟುವಿನಲ್ಲಿ ಫೈಲ್ ತೆರೆದರೆ ಪೈಥಾನ್ ಅದನ್ನು ಯುಟಿಎಫ್-8, ಅಂದರೆ ಯೂನಿಕೋಡ್ ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ, ಎಂದೇ ಓದುತ್ತದೆ. ಹಾಗಾಗಿ ಬರೆದವರಿಗೆ ಏನೂ ತೊಂದರೆ ಕಾಣುವುದಿಲ್ಲ. ಇಂಗ್ಲಿಷ್ ವಿಂಡೋಸ್‌ನಲ್ಲಿ ಅದೇ ಸಾಲು ಫೈಲನ್ನು 1252 ಎಂಬ, ಯಾವ ಬೈಟ್‌ಗೆ ಯಾವ ಅಕ್ಷರ ಎಂದು ಹೇಳುವ, ಹಳೆಯ ಕೋಡ್ ಪೇಜ್‌ನಂತೆ ಓದಲು ಹೊರಡುತ್ತದೆ. ಕನ್ನಡಕ್ಕೆಂದು ವಿಂಡೋಸ್‌ನಲ್ಲಿ ಅಂಥ ಹಳೆಯ ಕೋಡ್ ಪೇಜ್ ಇಲ್ಲವೇ ಇಲ್ಲ, ಇಲ್ಲಿ ಕನ್ನಡ ಬಂದದ್ದೇ ಯೂನಿಕೋಡ್ ಮೂಲಕ. ಯುಟಿಎಫ್-8ರಲ್ಲಿ ಅರ್ಧಾಕ್ಷರದ ಚಿಹ್ನೆ, ಅಂದರೆ ವಿರಾಮ, ಮೂರು ಬೈಟ್‌ಗಳಾಗಿ ಕೂರುತ್ತದೆ. ಅದರ ಕೊನೆಯ ಬೈಟ್‌ಗೆ 1252ರಲ್ಲಿ ಯಾವ ಅಕ್ಷರವನ್ನೂ ಕೊಟ್ಟಿಲ್ಲ. ಹೀಗಾಗಿ ಪಠ್ಯದಲ್ಲಿ ಒತ್ತಕ್ಷರ ಎದುರಾದ ಕೂಡಲೇ ಪ್ರೋಗ್ರಾಂ ದೋಷ ಹೇಳಿ ನಿಲ್ಲುತ್ತದೆ. 'ರಾಮ ಮನೆಗೆ ಬಂದ' ಎಂಬಲ್ಲಿ ಒತ್ತಕ್ಷರವಿಲ್ಲ, ಆ ವಾಕ್ಯ ಕಸದಂತೆ ಕಂಡರೂ ಮುಂದೆ ಹೋಗುತ್ತದೆ. 'ಹುಬ್ಬಳ್ಳಿ' ಬಂದರೆ ಅಲ್ಲೇ ನಿಲುಗಡೆ.

ಪರಿಹಾರ ಚಿಕ್ಕದು: ಫೈಲ್ ತೆರೆಯುವ ಪ್ರತಿಯೊಂದು ಜಾಗದಲ್ಲೂ ಎನ್‌ಕೋಡಿಂಗ್ ಯುಟಿಎಫ್-8 ಎಂದು ಬಾಯಿಬಿಟ್ಟು ಹೇಳಿ. ಪೈಥಾನ್ 3.15ರಿಂದ ಎಲ್ಲ ಸಿಸ್ಟಮ್‌ಗಳಲ್ಲೂ ಯುಟಿಎಫ್-8 ತಾನಾಗಿಯೇ ಅನ್ವಯವಾಗಬೇಕೆಂದು ಪೈಥಾನ್ ಬಳಗ ತೀರ್ಮಾನಿಸಿದೆ. ಆದರೆ ನಿಮ್ಮ ಓದುಗರ ಯಂತ್ರಗಳಲ್ಲಿ ಹಳೆಯ ಆವೃತ್ತಿಗಳು ಇನ್ನೂ ಬಹಳ ಕಾಲ ಇರುತ್ತವೆ.

ಓದುವಾಗ 'ಯುಟಿಎಫ್-8-ಸಿಗ್' ಬಳಸುವುದು ಇನ್ನೂ ಒಳ್ಳೆಯದು. ಹಳೆಯ ನೋಟ್‌ಪ್ಯಾಡ್ ಯುಟಿಎಫ್-8 ಫೈಲ್‌ಗಳ ತಲೆಗೆ ಕಣ್ಣಿಗೆ ಕಾಣದ ಒಂದು ಗುರುತು ಹಾಕುತ್ತಿತ್ತು. ಅದನ್ನು ತೆಗೆಯದಿದ್ದರೆ ಫೈಲಿನ ಮೊದಲ ಪದ ಯಾವಾಗಲೂ ಬೇರೆ ಪದವಾಗಿ ಎಣಿಕೆಯಾಗುತ್ತದೆ. ಎಕ್ಸೆಲ್‌ನಲ್ಲಿ ತೆರೆಯುವ ಸಿಎಸ್‌ವಿ ಫೈಲ್ ಬರೆಯುವಾಗ ಮಾತ್ರ ಅದೇ ಗುರುತನ್ನು ನೀವೇ ಹಾಕಬೇಕು. ಇಲ್ಲದಿದ್ದರೆ ಎರಡು ಸಲ ಒತ್ತಿ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳು ಕಾಣುತ್ತವೆ.

ಫಲಿತಾಂಶವನ್ನು ಪರದೆಗೆ ಬರೆದು, ಬಳಸುವವರು ಬಾಣದ ಗುರುತಿನಿಂದ ಫೈಲಿಗೆ ತಿರುಗಿಸಿಕೊಳ್ಳಲಿ ಎಂದು ಬಿಡಬೇಡಿ. ವಿಂಡೋಸ್‌ನಲ್ಲಿ ಪರದೆಗೆ ಸರಿಯಾಗಿ ಬರುವ ಕನ್ನಡ ಫೈಲಿಗೆ ತಿರುಗಿಸಿದಾಗ ಮತ್ತೆ 1252ರ ಬಲೆಗೆ ಬೀಳುತ್ತದೆ. ಔಟ್‌ಪುಟ್ ಫೈಲಿನ ಹೆಸರನ್ನು ಆಯ್ಕೆಯಾಗಿ ತೆಗೆದುಕೊಂಡು ಪ್ರೋಗ್ರಾಮೇ ಬರೆಯಲಿ. ಟರ್ಮಿನಲ್ ಕಿಟಕಿಯಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಂಡರೆ ಗಾಬರಿ ಬೇಡ. ಅದು ತೋರಿಸುವ ಕಿಟಕಿಯ ಕೊರತೆ, ಫೈಲ್ ಚೆನ್ನಾಗಿಯೇ ಇರುತ್ತದೆ.

ಇನ್ನೊಂದು ಸೂಕ್ಷ್ಮವಿದೆ. 'ಹೋಳಿಗೆ' ಪದದ ಮೊದಲ ಅಕ್ಷರದ ದೀರ್ಘ ಓಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿ ಚಿಹ್ನೆಗಳ ಸಾಲಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಪ್ರೋಗ್ರಾಮಿಗೆ ಎರಡು ಬೇರೆ ಪದಗಳು. ಮ್ಯಾಕ್‌ನ ಹಳೆಯ ಫೈಲ್ ವ್ಯವಸ್ಥೆ ಫೈಲ್‌ಗಳ ಹೆಸರನ್ನು ಬಿಡಿಸಿಯೇ ಇಡುತ್ತಿತ್ತು. ಆದ್ದರಿಂದ ಒಳಬರುವ ಪಠ್ಯ ಮತ್ತು ಫೈಲ್ ಹೆಸರು ಎರಡನ್ನೂ ಎನ್‌ಎಫ್‌ಸಿ ಎಂಬ ಕೂಡಿಸಿದ ರೂಪಕ್ಕೆ ತಂದುಕೊಂಡು ನಂತರ ಎಣಿಸಿ. ಇದಕ್ಕೆ ಪೈಥಾನ್‌ನ 'ಯೂನಿಕೋಡ್‌ಡೇಟಾ' ಮಾಡ್ಯೂಲ್ ಸಾಕು.

ನಮ್ಮ ಸಂಶೋಧಕರ ಬಳಿ ಹಳೆಯ ನುಡಿ ಅಥವಾ ಬರಹದ ಆಸ್ಕಿ ಫಾಂಟ್‌ನಲ್ಲಿ ಬೆರಳಚ್ಚಾದ ಕಡತಗಳು ರಾಶಿ ಇವೆ. ಅವು ಫಾಂಟ್ ಇರುವ ಕಡೆ ಕನ್ನಡದಂತೆ ಕಾಣುತ್ತವೆ, ಒಳಗಿರುವುದು ಲ್ಯಾಟಿನ್ ಸಂಕೇತಗಳು. ಅಂಥ ಕಡತವನ್ನು ಯುಟಿಎಫ್-8 ಆಗಿ ಉಳಿಸಿದ್ದರೆ ಪದಪಟ್ಟಿ ಅದರ ಮೇಲೆ ಯಾವ ದೋಷವನ್ನೂ ಹೇಳದೆ ತಪ್ಪು ಪಟ್ಟಿಯನ್ನು ಕೊಡುತ್ತದೆ, ದೋಷ ಹೇಳಿ ನಿಲ್ಲುವುದಕ್ಕಿಂತ ಇದು ಅಪಾಯಕಾರಿ. ಯೂನಿಕೋಡ್ ಕನ್ನಡಕ್ಕೆ ಮೀಸಲಿಟ್ಟ 128 ಸ್ಥಾನಗಳಲ್ಲಿ ಒಂದೂ ಅಕ್ಷರ ಸಿಗದಿದ್ದರೆ 'ಈ ಫೈಲ್ ಯೂನಿಕೋಡ್‌ನಲ್ಲಿಲ್ಲ, ಮೊದಲು ಪರಿವರ್ತಿಸಿ' ಎಂದು ಕನ್ನಡದಲ್ಲೇ ಹೇಳಿ ನಿಲ್ಲಿಸಿ.

ಮೂರನೆಯ ಹೆಜ್ಜೆ: ಪ್ಯಾಕೇಜ್ ಕಟ್ಟಿ

ಪ್ಯಾಕೇಜ್ ಕಟ್ಟುವುದೆಂದರೆ ದೂರದೂರಿಗೆ ಹೋಗುವವರಿಗೆ ಬುತ್ತಿ ಕಟ್ಟಿದಂತೆ. ಅಲ್ಲಿ ನಿಮ್ಮ ಅಡುಗೆಮನೆ ಇರುವುದಿಲ್ಲ, ಬೇಕಾದದ್ದೆಲ್ಲ ಗಂಟಿನಲ್ಲೇ ಇರಬೇಕು.

ಯೋಜನೆಯ ಬೇರಿನ ಫೋಲ್ಡರ್‌ನಲ್ಲಿ 'ಪೈಪ್ರಾಜೆಕ್ಟ್ ಡಾಟ್ ಟಾಮ್ಲ್' ಎಂಬ ಫೈಲ್ ಮಾಡಿ. ಅದರಲ್ಲಿ ಹೆಸರು, ಆವೃತ್ತಿ, ಬೇಕಾದ ಕನಿಷ್ಠ ಪೈಥಾನ್, ಅವಲಂಬನೆಗಳ ಪಟ್ಟಿ, ಪರವಾನಗಿ ಇವು ಇರಲಿ. ಉಬುಂಟು 22.04 ಬಳಸುವವರನ್ನು ಬಿಡಬಾರದೆಂದರೆ ಕನಿಷ್ಠ ಪೈಥಾನ್ 3.10 ಎಂದಿಡಿ. ಇದೇ ಫೈಲಿನ ಸ್ಕ್ರಿಪ್ಟ್ಸ್ ವಿಭಾಗದಲ್ಲಿ 'ಪದಪಟ್ಟಿ' ಎಂಬ ಆದೇಶ ಯಾವ ಫಂಕ್ಷನ್ನನ್ನು ಕರೆಯಬೇಕು ಎಂದು ಬರೆಯಿರಿ. ಅಳವಡಿಸುವಾಗ ಪಿಪ್ ವಿಂಡೋಸ್‌ನಲ್ಲಿ ಆ ಹೆಸರಿನ ಇಎಕ್ಸ್‌ಇ ಫೈಲನ್ನೂ, ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ಓಡಿಸಬಲ್ಲ ಸ್ಕ್ರಿಪ್ಟನ್ನೂ ತಾನೇ ಮಾಡಿಕೊಡುತ್ತದೆ. ಈ ಒಂದು ಸಾಲು ಮೂರೂ ಸಿಸ್ಟಮ್‌ಗಳ ವ್ಯತ್ಯಾಸವನ್ನು ನಿಮ್ಮ ತಲೆಯಿಂದ ಇಳಿಸುತ್ತದೆ.

'ಮತ್ತು', 'ಆದರೆ', 'ಎಂದು' ಮುಂತಾದ ಎಣಿಸಬೇಕಿಲ್ಲದ ಪದಗಳ ಪಟ್ಟಿ ಪದಪಟ್ಟಿಯ ಜೊತೆ ಇರುತ್ತದಲ್ಲ, ಆ ಫೈಲ್ ದಾರಿಯಲ್ಲಿ ಕಳೆದುಹೋಗುವುದು ತೀರಾ ಸಾಮಾನ್ಯ. ನಿಮ್ಮ ಫೋಲ್ಡರ್‌ನೊಳಗೆ ನಿಂತು ಓಡಿಸುವಾಗ ಅದು ಪಕ್ಕದಲ್ಲೇ ಇರುತ್ತದೆ, ಬೇರೆ ಯಂತ್ರದಲ್ಲಿ ಇರುವುದಿಲ್ಲ. ಸೆಟಪ್‌ಟೂಲ್ಸ್ ಬಳಸುವುದಾದರೆ ಪ್ಯಾಕೇಜ್-ಡೇಟಾ ಭಾಗದಲ್ಲಿ ಆ ಫೈಲಿನ ಹೆಸರು ಹೇಳಿ. ಕೋಡ್‌ನಲ್ಲಿ ಅದನ್ನು 'ಇಂಪೋರ್ಟ್‌ಲಿಬ್ ರಿಸೋರ್ಸಸ್' ಮೂಲಕ ತೆರೆಯಿರಿ. ಫೈಲ್ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಬೆರೆಸಬೇಡಿ: ವಿಂಡೋಸ್ ಮತ್ತು ಮ್ಯಾಕ್ ಸಾಮಾನ್ಯವಾಗಿ ಅವೆರಡನ್ನೂ ಒಂದೇ ಎಂದುಕೊಳ್ಳುತ್ತವೆ, ಲಿನಕ್ಸ್ ಹಾಗಲ್ಲ.

ಗಿಟ್ ಬಳಸುವವರು ಗಿಟ್‌ಆ್ಯಟ್ರಿಬ್ಯೂಟ್ಸ್ ಫೈಲಿನಲ್ಲಿ ಶೆಲ್ ಸ್ಕ್ರಿಪ್ಟ್‌ಗಳ ಸಾಲಿನ ಅಂತ್ಯ 'ಎಲ್‌ಎಫ್' ಎಂದು ನಿಗದಿಪಡಿಸಿ. ವಿಂಡೋಸ್‌ನ ಸಾಲಿನ ಅಂತ್ಯ ಉಳಿದ ಸ್ಕ್ರಿಪ್ಟ್ ಲಿನಕ್ಸ್‌ನಲ್ಲಿ ಮೊದಲ ಸಾಲಿನಲ್ಲೇ ಮುಗ್ಗರಿಸುತ್ತದೆ.

ಈಗ 'ಪೈಥಾನ್ -ಎಂ ಬಿಲ್ಡ್' ನಡೆಸಿ. ಡಿಸ್ಟ್ ಫೋಲ್ಡರ್‌ನಲ್ಲಿ ಎರಡು ಫೈಲ್ ಬರುತ್ತವೆ: ಒಂದು ಮೂಲ ಕೋಡಿನ ಕಟ್ಟು, ಇನ್ನೊಂದು ವೀಲ್, ಅಂದರೆ ನೇರವಾಗಿ ಅಳವಡಿಸಲು ಸಿದ್ಧವಾದ ಕಟ್ಟು. ವೀಲ್ ಫೈಲಿನ ಹೆಸರನ್ನು ಓದಲು ಕಲಿಯಿರಿ. ಅದರ ಬಾಲದಲ್ಲಿ 'ನನ್-ಎನಿ' ಎಂದಿದ್ದರೆ ಎಲ್ಲ ಸಿಸ್ಟಮ್‌ಗಳಿಗೂ ನಡೆಯುತ್ತದೆ. 'ವಿನ್', 'ಮೆನಿಲಿನಕ್ಸ್', 'ಮ್ಯಾಕ್‌ಒಎಸ್‌ಎಕ್ಸ್' ಎಂದಿದ್ದರೆ ಆ ಒಂದಕ್ಕೆ ಮಾತ್ರ. ಶುದ್ಧ ಪೈಥಾನ್‌ನಲ್ಲಿ ಬರೆದ ಪದಪಟ್ಟಿಗೆ ಮೊದಲನೆಯದು ಸಿಗುತ್ತದೆ. ಚಿಕ್ಕ ಅನುಕೂಲಕ್ಕಾಗಿ ಸಿ ಭಾಷೆಯ ಅಂಶವಿರುವ ದೊಡ್ಡ ಲೈಬ್ರರಿಯನ್ನು ಎಳೆದುತಂದರೆ ಈ ಸೌಕರ್ಯ ಕೈತಪ್ಪುತ್ತದೆ. ನಾನಾದರೆ ಹತ್ತು ಸಾಲು ಹೆಚ್ಚು ಬರೆದು ಆ ಲೈಬ್ರರಿಯನ್ನು ಬಿಡುತ್ತೇನೆ.

ನಾಲ್ಕನೆಯ ಹೆಜ್ಜೆ: ನೆಟ್ ಇಲ್ಲದ ಲ್ಯಾಬ್

ವಿದ್ಯಾನಗರದಿಂದ ಗದಗಿಗೆ ಪೆನ್‌ಡ್ರೈವ್ ಹೋಗಬೇಕು. ಅದರಲ್ಲಿ ಏನಿರಬೇಕು?

ಒಂದು ಪ್ರೋಗ್ರಾಂಗೆ ಪ್ರತ್ಯೇಕ ಪೈಥಾನ್ ಕೋಣೆ ಮಾಡಿಕೊಡುವ ವೆನ್ವ್ ಉಬುಂಟುವಿನಲ್ಲಿ ಬೇರೆ ಪ್ಯಾಕೇಜ್, ಅದು ಇಲ್ಲದೆ ಮುಂದಿನ ಕೆಲಸ ಸಾಗುವುದಿಲ್ಲ. ಲ್ಯಾಬ್‌ನಲ್ಲಿರುವ ಅದೇ ಉಬುಂಟು ಆವೃತ್ತಿಯ, ನೆಟ್ ಇರುವ ಇನ್ನೊಂದು ಯಂತ್ರದಲ್ಲಿ 'ಸುಡೊ ಆಪ್ಟ್-ಗೆಟ್ ಇನ್‌ಸ್ಟಾಲ್ --ಡೌನ್‌ಲೋಡ್-ಓನ್ಲಿ ಪೈಥಾನ್3-ವೆನ್ವ್' ಎನ್ನಿ. ಡೆಬ್ ಫೈಲ್‌ಗಳು ವಾರ್ ಫೋಲ್ಡರಿನೊಳಗಿನ ಆಪ್ಟ್ ಕ್ಯಾಷ್‌ನಲ್ಲಿ ಕೂರುತ್ತವೆ. ಆ ಯಂತ್ರದಲ್ಲಿ ಮೊದಲೇ ಇರುವ ಪ್ಯಾಕೇಜ್‌ಗಳನ್ನು ಆಪ್ಟ್ ಇಳಿಸುವುದಿಲ್ಲ ಎಂಬುದನ್ನು ಮರೆಯಬೇಡಿ. ಹಾಗಾಗಿ ಈಗಷ್ಟೇ ಉಬುಂಟು ಹಾಕಿದ ಯಂತ್ರವೇ ಇದಕ್ಕೆ ಸೂಕ್ತ.

ಪೈಥಾನ್ ಅವಲಂಬನೆಗಳಿಗೆ 'ಪಿಪ್ ಡೌನ್‌ಲೋಡ್ -ಡಿ' ಎಂದು ಫೋಲ್ಡರಿನ ಹೆಸರು ಕೊಟ್ಟು, ನಿಮ್ಮ ವೀಲ್ ಫೈಲನ್ನು ತೋರಿಸಿ. ಪಿಪ್ ತಾನು ಓಡುತ್ತಿರುವ ಸಿಸ್ಟಮ್‌ಗೆ ಮತ್ತು ಪೈಥಾನ್ ಆವೃತ್ತಿಗೆ ಹೊಂದುವ ಫೈಲ್‌ಗಳನ್ನಷ್ಟೇ ತರುತ್ತದೆ. ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಇಳಿಸಿದ ಗಂಟು ಉಬುಂಟು ಲ್ಯಾಬ್‌ನಲ್ಲಿ ಬಿಚ್ಚಿಕೊಳ್ಳದೇ ಹೋಗಬಹುದು.

ಲ್ಯಾಬ್ ಯಂತ್ರದಲ್ಲಿ ಮೊದಲು ಆ ಡೆಬ್ ಫೈಲ್‌ಗಳನ್ನು ಅಳವಡಿಸಿ, ಬೇರಿನ 'ಒ-ಪಿ-ಟಿ' ಫೋಲ್ಡರಿನಲ್ಲಿ ಪದಪಟ್ಟಿಗೆಂದು ಒಂದು ವೆನ್ವ್ ಸೃಷ್ಟಿಸಿ. ಅದರ ಪಿಪ್‌ನಿಂದ 'ಇನ್‌ಸ್ಟಾಲ್ --ನೋ-ಇಂಡೆಕ್ಸ್ --ಫೈಂಡ್-ಲಿಂಕ್ಸ್' ಎಂದು ಪೆನ್‌ಡ್ರೈವ್‌ನ ಫೋಲ್ಡರ್ ತೋರಿಸಿ ಅಳವಡಿಸಿ. ನಂತರ ವೆನ್ವ್‌ನ ಬಿನ್‌ನಲ್ಲಿರುವ ಆದೇಶಕ್ಕೆ 'ಯುಎಸ್‌ಆರ್ ಲೋಕಲ್ ಬಿನ್'ನಲ್ಲಿ ಒಂದು ಸಂಕೇತಕೊಂಡಿ ಹಾಕಿದರೆ ಯಾವ ವಿದ್ಯಾರ್ಥಿ ಲಾಗಿನ್ ಆದರೂ ಆದೇಶ ಸಿಗುತ್ತದೆ. ಒಂದು ಯಂತ್ರದಲ್ಲಿ ಸಿದ್ಧವಾದ ವೆನ್ವ್ ಫೋಲ್ಡರನ್ನೇ ಬೇರೆಡೆಗೆ ನಕಲಿಸುವ ಆಸೆ ಬೇಡ. ಅದರೊಳಗಿನ ಸ್ಕ್ರಿಪ್ಟ್‌ಗಳಲ್ಲಿ ಪೂರ್ಣ ವಿಳಾಸಗಳು ಅಚ್ಚೊತ್ತಿರುತ್ತವೆ, ಜಾಗ ಬದಲಾದರೆ ಕೆಲಸ ಮಾಡುವುದಿಲ್ಲ.

ಪೆನ್‌ಡ್ರೈವ್ ಎಕ್ಸ್‌ಫ್ಯಾಟ್ ಆಗಿರಲಿ. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ಎರಡರಲ್ಲೂ ಲಿನಕ್ಸ್‌ನ ಅನುಮತಿಗಳು ಉಳಿಯುವುದಿಲ್ಲ, ಆದ್ದರಿಂದ ಎಲ್ಲವನ್ನೂ ಒಂದು ಟಾರ್ ಕಟ್ಟಿನಲ್ಲಿ ಹಾಕಿ ಒಯ್ಯಿರಿ. ಕಟ್ಟಿನ ಎಸ್‌ಎಚ್‌ಎ-256 ಮೊತ್ತವನ್ನು ಬೇರೆಯಾಗಿ ಸಂದೇಶದಲ್ಲಿ ಕಳಿಸಿ. ಅದು 64 ಅಂಕಿ-ಅಕ್ಷರಗಳ ಸಾಲು. ಲಿನಕ್ಸ್‌ನಲ್ಲಿ 'ಶಾ256ಸಮ್', ಮ್ಯಾಕ್‌ನಲ್ಲಿ 'ಶಾಸಮ್ -ಎ 256', ವಿಂಡೋಸ್‌ನಲ್ಲಿ 'ಸರ್ಟ್‌ಯುಟಿಲ್ -ಹ್ಯಾಷ್‌ಫೈಲ್' (ಫೈಲಿನ ಹೆಸರಿನ ನಂತರ 'ಶಾ256' ಎಂದೂ ಸೇರಿಸಬೇಕು) ಅದನ್ನು ತೋರಿಸುತ್ತವೆ. ಎರಡೂ ತಾಳೆಯಾದ ಮೇಲೆಯೇ ಬಿಚ್ಚಬೇಕು. 2024ರ ಮಾರ್ಚ್‌ನಲ್ಲಿ ಎಕ್ಸ್‌ಜೆಡ್ ಎಂಬ ಸಂಕುಚನ ಉಪಕರಣದ ಬಿಡುಗಡೆ ಕಟ್ಟಿನಲ್ಲೇ ಹಿಂಬಾಗಿಲು ಸೇರಿಸಿದ್ದು ಬಯಲಾಯಿತು. ಅಂಥದ್ದನ್ನು ಈ ಮೊತ್ತ ಹಿಡಿಯಲಾರದು, ದಾರಿಯಲ್ಲಿ ಕೆಟ್ಟ ಅಥವಾ ಬದಲಾದ ಫೈಲನ್ನು ಖಂಡಿತ ಹಿಡಿಯುತ್ತದೆ.

ಐದನೆಯ ಹೆಜ್ಜೆ: ಪೈಥಾನ್ ಗೊಡವೆಯೇ ಬೇಡ ಎನ್ನುವವರಿಗೆ

ಧಾರವಾಡದ ಸಂಶೋಧಕರು ಟರ್ಮಿನಲ್ ತೆರೆಯಲು ಹಿಂಜರಿದರೆ ಅದು ಅವರ ದೋಷವಲ್ಲ. ಪೈಇನ್‌ಸ್ಟಾಲರ್ ಬಳಸಿ ಪೈಥಾನ್ ಸಮೇತ ಒಂದೇ ಕಟ್ಟು ಮಾಡಿಕೊಡಬಹುದು. ಅದು ಯಾವ ಸಿಸ್ಟಮ್‌ನಲ್ಲಿ ಓಡುತ್ತದೋ ಅದಕ್ಕಷ್ಟೇ ಕಟ್ಟುತ್ತದೆ, ಉಬುಂಟುವಿನಲ್ಲಿ ಕುಳಿತು ವಿಂಡೋಸ್‌ನ ಇಎಕ್ಸ್‌ಇ ಮಾಡಲಾಗದು. ಮೂರೂ ಯಂತ್ರ ಇಲ್ಲದವರು ಗಿಟ್‌ಹಬ್ ಆ್ಯಕ್ಷನ್ಸ್ ಬಳಸಲಿ, ಸಾರ್ವಜನಿಕ ಯೋಜನೆಗಳಿಗೆ ಅದರ ಸಾಮಾನ್ಯ ಲಿನಕ್ಸ್, ವಿಂಡೋಸ್, ಮ್ಯಾಕ್ ಯಂತ್ರಗಳು ಉಚಿತ.

'ಒಂದೇ ಫೈಲ್' ಆಯ್ಕೆ ಆಕರ್ಷಕ, ಆದರೆ ಪ್ರತಿಸಲ ತಾತ್ಕಾಲಿಕ ಫೋಲ್ಡರಿಗೆ ಬಿಚ್ಚಿಕೊಳ್ಳುವುದರಿಂದ ನಿಧಾನ. ಆಂಟಿವೈರಸ್‌ಗಳೂ ಅದನ್ನು ಸಂಶಯದಿಂದ ನೋಡುತ್ತವೆ. ಫೋಲ್ಡರ್ ರೂಪದಲ್ಲಿ ಕಟ್ಟಿ ಜಿಪ್ ಮಾಡಿ ಕೊಡಿ.

ಲಿನಕ್ಸ್‌ಗೆ ಕಟ್ಟುವುದಾದರೆ ನೀವು ಬೆಂಬಲಿಸುವ ಅತಿ ಹಳೆಯ ಆವೃತ್ತಿಯ ಮೇಲೆ ಕಟ್ಟಿ. ಲಿನಕ್ಸ್‌ನ ಮೂಲ ಸಿ ಲೈಬ್ರರಿಯಾದ ಜಿಲಿಬ್‌ಸಿ ಉಬುಂಟು 24.04ರಲ್ಲಿ 2.39, 22.04ರದು 2.35. ಹೊಸದರಲ್ಲಿ ಕಟ್ಟಿದ್ದು ಹಳೆಯದರಲ್ಲಿ 'ಜಿಲಿಬ್‌ಸಿ ಆವೃತ್ತಿ ಸಿಗಲಿಲ್ಲ' ಎಂದು ನಿಲ್ಲಬಹುದು. ಹಳೆಯದರಲ್ಲಿ ಕಟ್ಟಿದ್ದು ಹೊಸದರಲ್ಲಿ ಸಾಮಾನ್ಯವಾಗಿ ನಡೆಯುತ್ತದೆ. ಮ್ಯಾಕ್‌ಗೆ ಸಹಿ ಮಾಡಿದ ಕಟ್ಟು ಕೊಡಬೇಕೆಂದರೆ ಆ್ಯಪಲ್‌ಗೆ ವರ್ಷಕ್ಕೆ 99 ಡಾಲರ್ ಕಟ್ಟಬೇಕು. ವಿದ್ಯಾರ್ಥಿಗಳ ಯೋಜನೆಗೆ ಆ ಖರ್ಚು ಬೇಡ, ಮ್ಯಾಕ್ ಬಳಸುವವರಿಗೆ ಪಿಪ್‌ಎಕ್ಸ್ ದಾರಿಯೇ ಸಾಕು.

ಆರನೆಯ ಹೆಜ್ಜೆ: ಕೋಡ್ ಎಂದೂ ಕಾಣದ ಯಂತ್ರದಲ್ಲಿ ಪರೀಕ್ಷಿಸಿ

ನಿಮ್ಮ ಲ್ಯಾಪ್‌ಟಾಪ್ ಸಾಕ್ಷಿಯಾಗಲಾರದು, ಅದರಲ್ಲಿ ಎಲ್ಲವೂ ಮೊದಲೇ ಇದೆ. ಉಬುಂಟುವಿಗೆ ಡಾಕರ್‌ನಲ್ಲಿ ಖಾಲಿ 22.04 ತೆರೆದು ಅಲ್ಲಿ ಅಳವಡಿಸಿ ನೋಡಿ. ವಿಂಡೋಸ್‌ನಲ್ಲಿ ಹೊಸ ಬಳಕೆದಾರ ಖಾತೆ ತೆರೆಯಿರಿ. ಅದರ ಹೆಸರಿನಲ್ಲಿ ಬೇಕೆಂದೇ ಒಂದು ಖಾಲಿ ಜಾಗ ಬಿಡಿ. 'ನನ್ನ ಹಾಡುಗಳು' ಎಂಬ ಕನ್ನಡ ಹೆಸರಿನ ಫೋಲ್ಡರ್ ಮಾಡಿ, ಅದರೊಳಗೆ ಕನ್ನಡ ಹೆಸರಿನ ಫೈಲ್ ಇಟ್ಟು ಪದಪಟ್ಟಿಯನ್ನು ಓಡಿಸಿ. ನಿಮ್ಮ ಬಳಕೆದಾರರು ಮಾಡುವುದು ಹೀಗೆಯೇ. ಅಳವಡಿಸಿದ್ದನ್ನು ತೆಗೆದುಹಾಕಿ ನೋಡುವುದೂ ಪರೀಕ್ಷೆಯ ಭಾಗ.

ಇದನ್ನು ನಿಮ್ಮ ಕೈಯಿಂದ ಮಾಡುವುದಕ್ಕಿಂತ ಪ್ರೋಗ್ರಾಮಿಂಗ್ ಬಾರದ ಗೆಳೆಯರೊಬ್ಬರ ಮುಂದೆ ಕನ್ನಡದಲ್ಲಿ ಬರೆದ ರೀಡ್‌ಮಿ ಇಟ್ಟು, ಮಾತಾಡದೆ ಪಕ್ಕದಲ್ಲಿ ಕುಳಿತುಕೊಳ್ಳುವುದು ಉತ್ತಮ. ಅವರು ಎಲ್ಲಿ ನಿಂತರೋ ಆ ಸಾಲನ್ನು ತಿದ್ದಿ ಬರೆಯಿರಿ.

ಏಳನೆಯ ಹೆಜ್ಜೆ: ಬಿಡುಗಡೆ

ಪರವಾನಗಿಯ ಪೂರ್ಣ ಪಠ್ಯ ಕಟ್ಟಿನೊಳಗೇ ಇರಲಿ. ಜಿಪಿಎಲ್ ಎಂಬ ಮುಕ್ತ ಪರವಾನಗಿಯ ಅಡಿಯ ಲೈಬ್ರರಿಯನ್ನು ಸೇರಿಸಿ ಇಎಕ್ಸ್‌ಇ ಹಂಚಿದರೆ ಮೂಲ ಕೋಡನ್ನೂ ದೊರಕಿಸಿಕೊಡುವುದು ನಿಮ್ಮ ಕರ್ತವ್ಯವಾಗುತ್ತದೆ.

ಪೈಥಾನ್ ಪ್ಯಾಕೇಜ್‌ಗಳ ಸಾರ್ವಜನಿಕ ಭಂಡಾರವಾದ ಪೈಪಿಐಗೆ ಹಾಕುವ ಮೊದಲು ಟೆಸ್ಟ್‌ಪೈಪಿಐನಲ್ಲಿ ಅಭ್ಯಾಸ ಮಾಡಿ. ಖಾತೆಗೆ ಎರಡು ಹಂತದ ದೃಢೀಕರಣ ಕಡ್ಡಾಯ. ಒಮ್ಮೆ ಏರಿಸಿದ ಫೈಲಿನ ಹೆಸರನ್ನು ಅಳಿಸಿದ ಮೇಲೂ ಮತ್ತೆ ಬಳಸಲಾಗದು. 0.1.0ರಲ್ಲಿ ಅಲ್ಪವಿರಾಮವೊಂದು ತಪ್ಪಿದ್ದರೂ 0.1.1 ಎಂದೇ ಹೊಸದಾಗಿ ಬಿಡಿ. ಹಳೆಯ ಸಂಖ್ಯೆಯಲ್ಲೇ ಸದ್ದಿಲ್ಲದೆ ಬದಲಿಸಿದ ಕಟ್ಟನ್ನು ಪೆನ್‌ಡ್ರೈವ್‌ಗಳಲ್ಲಿ ಹಂಚಿದರೆ, ಗದಗಿನಲ್ಲಿರುವುದು ಯಾವುದು, ಗೊಟಗೋಡಿಯಲ್ಲಿರುವುದು ಯಾವುದು ಎಂದು ಯಾರಿಗೂ ತಿಳಿಯದ ಸ್ಥಿತಿ ಬರುತ್ತದೆ.

ಇದಕ್ಕಾಗಿಯೇ 'ಪದಪಟ್ಟಿ --ವರ್ಷನ್' ಎಂದಾಗ ಬರೀ ಆವೃತ್ತಿ ಸಂಖ್ಯೆಗೆ ನಿಲ್ಲದೆ ಪೈಥಾನ್ ಆವೃತ್ತಿ, ಆಪರೇಟಿಂಗ್ ಸಿಸ್ಟಮ್, ಪ್ರೊಸೆಸರ್ ಬಗೆ, ಆ ಯಂತ್ರದ ಎನ್‌ಕೋಡಿಂಗ್ ಮತ್ತು ಪ್ರೋಗ್ರಾಂ ಅಳವಡಿಕೆಯಾದ ಫೋಲ್ಡರ್ ಇಷ್ಟನ್ನೂ ಮುದ್ರಿಸುವಂತೆ ಮಾಡಿ. ತೊಂದರೆ ತಿಳಿಸುವವರು ಆ ಸಾಲುಗಳನ್ನೂ ದೋಷದ ಪೂರ್ತಿ ಸಂದೇಶವನ್ನೂ ಪಠ್ಯವಾಗಿ ನಕಲಿಸಿ ಕಳಿಸಲಿ ಎಂದು ರೀಡ್‌ಮಿಯಲ್ಲಿ ಬರೆದಿಡಿ. ಪರದೆಯ ಫೋಟೋದಲ್ಲಿ ಕೊನೆಯ ಸಾಲು ಮಾತ್ರ ಕಾಣುತ್ತದೆ, ಕಾರಣ ಅದಕ್ಕಿಂತ ಮೇಲಿನ ಸಾಲುಗಳಲ್ಲಿ ಇರುತ್ತದೆ.